ಆರಾಮ ಅದಾಳ್ರಿ

ಅತನೂರಿನಲ್ಲಿ ಯಾರನ್ನಾದರೂ "ಆರಾಮ ಅದೀರೇನ್ರಿ?" ಎಂದು ಕೇಳಿದರೆ ಅದಕ್ಕೆ ಒಂದೇ ಉತ್ತರ. ಕೇಳಿಸಿಕೊಂಡವರ ಮೊಣಕಾಲು ಊದಿಕೊಂಡಿರಲಿ, ಎಮ್ಮೆ ಕಳೆದುಹೋಗಿರಲಿ, ಮೂರು ದಿನದ ಜ್ವರಕ್ಕೆ ನಾಲಿಗೆ ಒಣಗಿರಲಿ, "ಹೌದ್ರಿ, ಆರಾಮ ಅದೇವ್ರಿ" ಎಂದೇ ಅನ್ನಬೇಕು. ಹಾಗೆ ಅಂದಮೇಲೆ ಬೇಕಾದರೆ ಕಟ್ಟೆಯ ಮೇಲೆ ಕೂತು ಮೊಣಕಾಲಿನ ಪುರಾಣವನ್ನು ಸಾಯಂಕಾಲದ ತನಕ ಹೇಳಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಮೊದಲ ಏಟಿಗೇ "ಆರಾಮಿಲ್ರಿ" ಅಂದುಬಿಟ್ಟರೆ ಕೇಳಿದವರು ಗಾಬರಿಬಿದ್ದು ದವಾಖಾನೆಗೆ ಗಾಡಿ ಹುಡುಕುತ್ತಾರೆ. ಇನ್ನು ಹೆತ್ತ ಮಕ್ಕಳ ವಿಷಯದಲ್ಲಂತೂ ಆ ಮಾತನ್ನು ಬಾಯಿಂದ ಹೊರಗೆ ಬಿಡುವುದೇ ಇಲ್ಲ, ಅದರಲ್ಲೂ ಹಬ್ಬದ ದಿನ. ಗುರುಬಾಯಿ ಎರಡು ಮಕ್ಕಳನ್ನು ಹೆತ್ತು, ಅವಕ್ಕೆ ಬಂದ ದಡಾರ, ಕಾಮಾಲೆ, ಮುರಿದ ಕೈ ಎಲ್ಲ ದಾಟಿಸಿದವಳು. ಒಂದು ದಿನವೂ ಆ ಮಾತು ಅಂದಿರಲಿಲ್ಲ.

ಆದ್ದರಿಂದ ಎಳ್ಳ ಅಮಾವಾಸ್ಯೆಯ ದಿನ ಮಗಳ ಕಂಪನಿಯಿಂದ ಫೋನು ಬಂದಾಗ ಅವಳು ಏನು ಹೇಳಿದಳೋ ಅದರಲ್ಲಿ ಅವಳದೇನೂ ತಪ್ಪಿರಲಿಲ್ಲ. ಬೇಕಾದರೆ ಆ ಮಾತಿನದೇ ತಪ್ಪು ಅನ್ನಿ.

ಮಗಳ ಹೆಸರು ಬಸವೇಶ್ವರಿ. ಮೂವತ್ತೊಂದು ವರ್ಷ. ಆರು ವರ್ಷದಿಂದ ವಿಮಾನದಲ್ಲಿ ಬಲಗಡೆಯ ಕುರ್ಚಿಯಲ್ಲಿ ಕೂರುವ ಪೈಲಟ್. ಎಡಗಡೆ ಕೂರುವವನು ಕ್ಯಾಪ್ಟನ್. ಊರಿನವರಿಗೆ ಈ ಎಡ ಬಲ ಗೊತ್ತಿಲ್ಲ, ಅವರು ಆರು ವರ್ಷದಿಂದಲೇ ಅವಳನ್ನು ಕ್ಯಾಪ್ಟನ್ ಎಂದು ಕರೆದು ಮುಗಿಸಿದ್ದರು. ಅವಳ ಅಪ್ಪ ಶಾಂತಲಿಂಗಪ್ಪ, ಹೊಲವೂ ಉಂಟು ತೊಗರಿ ವ್ಯಾಪಾರವೂ ಉಂಟು ಎನ್ನುವ ಮನುಷ್ಯ, ಯಾರನ್ನೂ ತಿದ್ದಲು ಹೋಗಿರಲಿಲ್ಲ. ಈಗ ತಿದ್ದುವ ಅಗತ್ಯವೇ ಬೀಳದ ಹಾಗೆ ಕಾಣುತ್ತಿತ್ತು. ಬರುವ ತಿಂಗಳಿನಿಂದ ಕ್ಯಾಪ್ಟನ್ ತರಬೇತಿಗೆ ಹೋಗುವ ಹನ್ನೆರಡು ಜನರ ಪಟ್ಟಿಯಲ್ಲಿ ಒಂಬತ್ತನೆಯ ಹೆಸರು ಬಸವೇಶ್ವರಿಯದಿತ್ತು.

ಅವಳಿಗೆ ಖುಷಿಯಾಗಬೇಕಿತ್ತು. ಪಟ್ಟಿ ಬಂದ ದಿನ ಅವಳು ಅದನ್ನು ಎರಡು ಸಲ ಓದಿ, ಫೋನನ್ನು ಮಗುಚಿಟ್ಟು, ಬೂಟು ಬಿಚ್ಚದೆ ಮಲಗಿದ್ದಳು.

ಏನಾಗಿತ್ತೆಂದರೆ, ಕಂಪನಿ ವಿಮಾನಗಳನ್ನು ಕೊಳ್ಳುತ್ತಲೇ ಇತ್ತು, ಹಾರಿಸುವವರನ್ನು ಮಾತ್ರ ಸೇರಿಸಿಕೊಳ್ಳುತ್ತಿರಲಿಲ್ಲ. ಇದ್ದ ಕ್ಯಾಪ್ಟನ್‌ಗಳಲ್ಲಿ ಒಬ್ಬೊಬ್ಬರೇ ಕೊಲ್ಲಿ ದೇಶಗಳಿಗೆ ಹೊರಟುಹೋದರು. ಪೈಲಟ್‌ಗಳಿಗೆ ವಾರಕ್ಕೆ ಇಷ್ಟು ತಾಸು ಹೆಚ್ಚು ವಿಶ್ರಾಂತಿ ಕೊಡಬೇಕೆಂದು ನಿಯಮ ಬಂತು. ನಿಯಮ ಬರುತ್ತದೆಂದು ಎಲ್ಲರಿಗೂ ಮುಂಚೆಯೇ ಗೊತ್ತಿತ್ತು, ಆದರೂ ಬಂದ ದಿನ ಜನ ಸಾಲಲಿಲ್ಲ. ಆಗ ಕಂಪನಿ ಮಾಡಿದ್ದು ಒಂದೇ ಕೆಲಸ. ನಿಯಮದ ಕಾಗದವನ್ನು ಒಂದು ಕೈಯಲ್ಲಿ, ಇದ್ದ ಪೈಲಟ್‌ಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು, ಕಾಗದ ಹರಿಯದಷ್ಟು ಮಟ್ಟಿಗೆ ಪೈಲಟ್‌ಗಳನ್ನು ಎಳೆಯಿತು.

ಡ್ಯೂಟಿಯ ಪಟ್ಟಿ ಫೋನಿನಲ್ಲೇ ಬರುತ್ತದೆ. ಹಸಿರು ಚೌಕ ಅಂದರೆ ರಜೆ. ಬೂದು ಬಣ್ಣದ್ದು ಅಂದರೆ ಕರೆದರೆ ಬರಲು ಬಟ್ಟೆ ಹಾಕಿಕೊಂಡು ಕೂತಿರಬೇಕು. ಕೆಂಪು ಅಂದರೆ ಹಾರಾಟ. ತಿಂಗಳ ಪಟ್ಟಿ ಇಪ್ಪತ್ತೈದನೇ ತಾರೀಖು ಬಂದರೆ ಇಪ್ಪತ್ತೇಳಕ್ಕೆ ಅದು ಸತ್ತಿರುತ್ತಿತ್ತು. ಹಸಿರು ನೋಡನೋಡುತ್ತ ಬೂದಾಗುತ್ತಿತ್ತು, ಬೂದು ಕೆಂಪಾಗುತ್ತಿತ್ತು. ಬಸವೇಶ್ವರಿ ಮೊದಲು ಗೆಳತಿಯರಿಗೆ "ಬರ್ತೇನೆ" ಎಂದು ಹೇಳುವುದನ್ನು ಬಿಟ್ಟಳು. ಆಮೇಲೆ ತರಕಾರಿ ತರುವುದನ್ನು ಬಿಟ್ಟಳು, ತಂದದ್ದು ಕೊಳೆಯುತ್ತಿತ್ತು. ಆಮೇಲೆ ಹೈದರಾಬಾದಿನ ತನ್ನ ಕೋಣೆಯ ಪರದೆ ಸರಿಸುವುದನ್ನೇ ಬಿಟ್ಟಳು. ಒಂದು ದಿನ ಬೆಳಗಿನ ಜಾವ ಏಳಬೇಕು, ಮರುದಿನ ಅದೇ ಹೊತ್ತಿಗೆ ಮಲಗಬೇಕು. ಮೈಗೆ ಯಾವುದು ಹಗಲು ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ.

ಹಿಂದೆ ಸಿಬ್ಬಂದಿಯನ್ನು ಕರೆದೊಯ್ಯುವ ವ್ಯಾನಿನಲ್ಲಿ ಗದ್ದಲವಿರುತ್ತಿತ್ತು. ಯಾರದೋ ಡಬ್ಬಿಯ ಉಪ್ಪಿನಕಾಯಿ ಎಲ್ಲರ ಕೈಗೂ ಬರುತ್ತಿತ್ತು, ಹಿರಿಯ ಕ್ಯಾಪ್ಟನ್‌ಗಳು ಹಳೆಯ ಸುಳ್ಳುಗಳನ್ನು ಹೊಸದಾಗಿ ಹೇಳುತ್ತಿದ್ದರು. ಈಗ ಎಲ್ಲರೂ ಹತ್ತಿ, ಗಾಜಿಗೆ ತಲೆಯಾನಿಸಿ ಕಣ್ಣು ಮುಚ್ಚುತ್ತಾರೆ. ಇಳಿಯುವಾಗ ಒಬ್ಬರು "ಫಿಟ್?" ಅನ್ನುತ್ತಾರೆ, ಇನ್ನೊಬ್ಬರು "ಫಿಟ್" ಅನ್ನುತ್ತಾರೆ. ಡ್ಯೂಟಿ ಶುರುವಾಗುವ ಮುನ್ನ ಟ್ಯಾಬಿನಲ್ಲೂ ಅದೇ ಪ್ರಶ್ನೆ ಬರುತ್ತದೆ, ನೀವು ಹಾರಾಟಕ್ಕೆ ಸಮರ್ಥರಿದ್ದೀರಾ ಎಂದು. ಕೆಳಗೆ ಎರಡು ಗುಂಡಿ, ಹೌದು ಮತ್ತು ಇಲ್ಲ. ಹೌದು ಒತ್ತಿದರೆ ಮುಗಿಯಿತು. ಇಲ್ಲ ಒತ್ತಿದರೆ ನಾಲ್ಕು ಪುಟದ ಅರ್ಜಿ ತೆರೆದುಕೊಳ್ಳುತ್ತದೆ. ಬಸವೇಶ್ವರಿ ನಾಲ್ಕು ತಿಂಗಳಿನಿಂದ ಪ್ರಶ್ನೆಯನ್ನು ಓದದೆಯೇ ಹೌದು ಒತ್ತುತ್ತಿದ್ದಳು.

ಹಬ್ಬದ ವಾರದ ಮಂಗಳವಾರ, ಆ ದಿನದ ನಾಲ್ಕನೆಯ ಇಳಿತ. ವಿಮಾನ ಇಳಿಯುವ ಮುನ್ನ ರೆಕ್ಕೆಯ ಹಿಂದಿನ ಹಲಗೆಗಳನ್ನು ಪೂರ್ತಿ ಇಳಿಸಬೇಕು. ಕ್ಯಾಪ್ಟನ್ ಹೇಳುತ್ತಾನೆ, ಬಲಗಡೆಯವಳು ಹಿಡಿಕೆ ಎಳೆದು, ನೋಡಿ, "ಪೂರ್ತಿ" ಎನ್ನುತ್ತಾಳೆ. ಕ್ಯಾಪ್ಟನ್ ಹೇಳಿದ. ಬಸವೇಶ್ವರಿ "ಪೂರ್ತಿ" ಎಂದಳು. ಅವಳ ಎಡಗೈ ತೊಡೆಯ ಮೇಲಿತ್ತು. ಅದು ಅಲ್ಲಿಂದ ಎದ್ದಿರಲೇ ಇಲ್ಲ. ಐವತ್ತೆಂಟು ವರ್ಷದ ಆ ಕ್ಯಾಪ್ಟನ್ ಕೂಡ ನೋಡಲಿಲ್ಲ, ಅವನದು ಅಂದು ಸತತ ಆರನೆಯ ದಿನ. ಕೊನೆಗೆ ಯಂತ್ರವೇ ಕೂಗಿ ಹೇಳಿತು. ವಿಮಾನವನ್ನು ಮತ್ತೆ ಮೇಲಕ್ಕೆತ್ತಿ, ಒಂದು ಸುತ್ತು ಹಾಕಿ, ಎರಡನೆಯ ಸಲ ಸರಿಯಾಗಿ ಇಳಿಸಿದರು. ಪ್ರಯಾಣಿಕರು ತಡವಾಯಿತೆಂದು ಗೊಣಗುತ್ತ ಇಳಿದುಹೋದರು.

"ಆರ್ ಯು ಓಕೆ?" ಎಂದ ಕ್ಯಾಪ್ಟನ್.

"ಓಕೆ," ಎಂದಳು.

ಅವಳಿಗೆ ಹೆದರಿಕೆ ಆಗಲಿಲ್ಲ. ಹೆದರಿಕೆ ಆಗುತ್ತದೆಂದು ಕೋಣೆಗೆ ಬಂದು ಮಂಚದ ಮೇಲೆ ಕೂತು ಕಾದಳು. ಬರಲಿಲ್ಲ. ಆಗ ಮಾತ್ರ ಇದು ಸರಿಯಿಲ್ಲ ಅನ್ನಿಸಿತು. ಬುಧವಾರ ಬೆಳಿಗ್ಗೆ ಟ್ಯಾಬು ಕೇಳಿದ ಪ್ರಶ್ನೆಯನ್ನು ಓದಿ, ಇಲ್ಲ ಒತ್ತಿ, ನಾಲ್ಕು ಪುಟ ತುಂಬಿ, ದಣಿವಿನಿಂದ ಹಾರಲಾರೆ ಎಂದು ಬರೆದುಕೊಟ್ಟಳು. ಮೂರು ದಿನ ಕೊಟ್ಟರು. ಅರ್ಜಿ ಖರೆಯೋ ಸುಳ್ಳೋ ಎಂದು ವಿಚಾರಣೆಯಾಗುತ್ತದೆ, ಸುಳ್ಳೆಂದು ಕಂಡರೆ ಡ್ಯೂಟಿ ನಿರಾಕರಿಸಿದ ಹಾಗೆ, ತರಬೇತಿಯ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂದೂ ತಿಳಿಸಿದರು.

ಗುರುವಾರ ರೈಲು ಹತ್ತಿದಳು. ಕಲಬುರಗಿಯಲ್ಲಿ ಇಳಿಯಬೇಕಾದವಳು ನಿದ್ದೆಯಲ್ಲಿ ಗಾಣಗಾಪುರ ರೋಡಿಗೆ ಹೋಗಿ ಇಳಿದಳು. ದೇಶದ ಮೇಲೆಲ್ಲ ದಾರಿ ತಪ್ಪದೆ ಹಾರುವವಳು ತನ್ನೂರಿನ ರೈಲು ನಿಲ್ದಾಣ ತಪ್ಪಿಸಿಕೊಂಡಳೆಂದು ಕರೆದೊಯ್ಯಲು ಬಂದ ತಮ್ಮ ಶಿವಪ್ರಕಾಶ ದಾರಿಯುದ್ದಕ್ಕೂ ನಕ್ಕ. ಅವನು ಜೇವರ್ಗಿಯಲ್ಲಿ ಆಧಾರ್, ಬೆಳೆ ವಿಮೆ ಮುಂತಾದ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟವನು. ಅವಳೂ ನಗಬೇಕಾದ ಕಡೆ ನಕ್ಕಳು.

ಶುಕ್ರವಾರ ಎಳ್ಳ ಅಮಾವಾಸ್ಯೆ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಎಡೆಯ ಅಡುಗೆಯನ್ನು ಚರಗವೆಂದು ಪೈರಿಗೆ ಚೆಲ್ಲಿ, ಅಲ್ಲೇ ಕೂತು ಉಣ್ಣುವ ಹಬ್ಬ. ಕಂಪನಿಯವರು ಕರೆದರೆ ಕರೆಯಲೆಂದು ಬಸವೇಶ್ವರಿ ಫೋನು ಬಂದ್ ಮಾಡಿ ದಿಂಬಿನ ಕೆಳಗಿಟ್ಟಳು. ತೊಗರಿ ಕಾಯಿ ಕಟ್ಟಿತ್ತು, ಜೋಳ ಎದೆಯುದ್ದ ನಿಂತಿತ್ತು. ಬನ್ನಿಗಿಡದ ಬುಡದಲ್ಲಿ ಜಮಖಾನ ಹಾಸಿ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ ಇಟ್ಟರು. ಅವಳು ಕಡುಬನ್ನು ಬಾಯಿಗಿಟ್ಟು ಅಗಿದಳು. ರುಚಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಬೆಲ್ಲ ಹಾಕಿದ್ದಾರೆಂದು ಗೊತ್ತಾಗುತ್ತಿತ್ತು, ಸಿಹಿ ಮಾತ್ರ ಎಲ್ಲೋ ಪಕ್ಕದ ಹೊಲದಲ್ಲಿ ಆಗುತ್ತಿದ್ದ ಹಾಗಿತ್ತು. ಆಚೀಚೆ ಹೊಲದ ಹೆಣ್ಣುಮಕ್ಕಳು ಬಂದು ನಿಂತರು.

"ಆರಾಮ ಅದಿಯೇನ್ ಬೇ ಕ್ಯಾಪ್ಟನ್?"

"ಆರಾಮ ಅದೇನ್ರಿ."

"ಮ್ಯಾಲೆ ಹೋದಾಗ ಅಂಜಿಕಿ ಬರಂಗಿಲ್ಲೇನ್?"

"ಇಲ್ರಿ."

ಇದೊಂದು ಮಾತಾದರೂ ಸುಳ್ಳಲ್ಲ ಎಂದುಕೊಂಡಳು. ಬಿಸಿಲು ಹಿತವಾಗಿತ್ತು. ಜಮಖಾನದ ಮೂಲೆಯಲ್ಲಿ ಮಲಗಿದವಳು ಹೊತ್ತು ಇಳಿಯುವ ತನಕ ಏಳಲಿಲ್ಲ.

ಎದ್ದು ಮನೆಗೆ ಬಂದಾಗ ಗುರುಬಾಯಿ ಬಾಗಿಲಲ್ಲೇ ಹಿಗ್ಗಿ ನಿಂತಿದ್ದಳು. ಪಾತ್ರೆಪಗಡ ತೆಗೆದುಕೊಂಡು ಅವಳು ಮೊದಲೇ ಮನೆಗೆ ಬಂದಿದ್ದಳು.

"ನಿಮ್ಮ ಕಂಪನಿ ಬಾಯಿ ಫೋನ್ ಮಾಡಿದ್ಳು ನೋಡ ಬೇ. ನಿನ್ನ ಫೋನ್ ಹತ್ತವಲ್ದಂತ ನನಗ ಮಾಡ್ಯಾಳ. ಹಿಂದಿದಾಗ ಮಾತಾಡಿದೆ, ಎಲ್ಲೂ ತಡವರಿಸಲಿಲ್ಲ!"

ಗುರುಬಾಯಿಯ ಹಿಂದಿ ಬಳೆ ಮಾರುವ ಸಾಬಮ್ಮನಿಂದ ಅರ್ಧ, ಗಾಣಗಾಪುರಕ್ಕೆ ಹೋಗುವ ಬಸ್ಸಿನಲ್ಲಿ ಅರ್ಧ ಕಲಿತದ್ದು. ಅದನ್ನು ಬಳಸುವ ಅವಕಾಶ ಸಿಕ್ಕರೆ ಬಿಡುವವಳಲ್ಲ.

"ಏನಂದಿ?" ಎಂದಳು ಬಸವೇಶ್ವರಿ.

"ಲಡಕಿ ಕೈಸಿ ಹೈ ಅಂದ್ಳು. ಹೌ ಜೀ, ಆರಾಮ್ ಹೈ, ಏಕ್‌ದಮ್ ಆರಾಮ್ ಹೈ ಅಂದೆ. ಎಲ್ಲಿ ಅದಾಳ ಅಂದ್ಳು. ಹೊಲದಾಗ ಹಬ್ಬ ಮಾಡಾಕತ್ತಾಳ, ಹೊಟ್ಟಿ ತುಂಬ ಉಂಡಾಳ, ನಕ್ಕೋತ ಅದಾಳ ಅಂದೆ. ಭೋತ್ ಅಚ್ಛಾ ಮಾಜಿ ಅಂದ್ಳು. ಒಳ್ಳೆ ಹುಡುಗಿ. ಮಹೆಕ ಅಂತ ಹೆಸರು."

ಬಸವೇಶ್ವರಿ ದಿಂಬಿನ ಕೆಳಗಿನಿಂದ ಫೋನು ತೆಗೆದು ಚಾಲೂ ಮಾಡಿದಳು. ಪತ್ರ ಬಂದಿತ್ತು. ಪೈಲಟ್ ಸಂಪೂರ್ಣ ಆರಾಮವಾಗಿದ್ದಾರೆಂದೂ ಹಬ್ಬದಲ್ಲಿ ತೊಡಗಿದ್ದಾರೆಂದೂ ತಾಯಿಯೇ ದೃಢಪಡಿಸಿದ್ದಾರೆ. ನಾಳೆ ಹನ್ನೊಂದು ಗಂಟೆಗೆ ವಿಡಿಯೋ ವಿಚಾರಣೆಗೆ ಹಾಜರಾಗಬೇಕು.

ಅವಳು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದಳು, ಬಸ್ಸಿನ ಸಮಯ ಹೇಳುವಂತೆ. ಗುರುಬಾಯಿ ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟಿಗೆದ್ದಳು.

"ಮಂದಿ ಕೇಳಿದ್ರ ಆರಾಮ ಅನ್ನದ ಏನಂತಾರ? ಹಬ್ಬದ ದಿವಸ, ಕರಳಿನ ಕೂಸು, ಆರಾಮಿಲ್ಲ ಅನ್ನಲೇನ? ನನ್ನ ಬಾಯಾಗ ಹುಳ ಬೀಳಂಗಿಲ್ಲೇನ?"

"ನಿಂದೇನ ತಪ್ಪಿಲ್ಲ ಬಿಡವ್ವ."

ಅಪ್ಪನ ಮಾತು ಸೀದಾ ಇತ್ತು. ಅವನು ಕೈಕಾಲು ತೊಳೆದು, ವಿಭೂತಿ ಹಚ್ಚಿ, ಉಯ್ಯಾಲೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ.

"ಇದರಾಗ ಫಿಕರ್ ಮಾಡೂದೇನದ? ನಾಳೆ ಕೇಳ್ತಾರ, ಆರಾಮ ಅದೇನಿ ಅನ್ನು. ಮೂರು ದಿನ ಮಲಗೇನಿ, ಈಗ ಚೊಲೊ ಆಗೇದ ಅನ್ನು. ಒಂದ ಮಾತು. ಆರು ವರ್ಷ ಕಾದೀವಿ ಬೇ. ಜೇವರ್ಗಿ ಮಾರ್ಕೆಟ್‌ದಾಗ ಎಲ್ಲಾರಿಗೂ ಹೇಳೀನಿ."

ಅವನು ಕೆಟ್ಟವನಲ್ಲ. ಮಗಳನ್ನು ಹಾರಲು ಕಳಿಸುತ್ತೇನೆ ಅಂದಾಗ ಆಳಂದದ ಅವನ ಅಕ್ಕ ತುಳಜಾಬಾಯಿ ಒಂದು ವರ್ಷ ಮಾತು ಬಿಟ್ಟಿದ್ದಳು, ಆಗಲೂ ಬಗ್ಗದವನು. ಅವನು ಹೇಳಿದ್ದರಲ್ಲಿ ಬಸವೇಶ್ವರಿಗೆ ತಪ್ಪೇನೂ ಕಾಣಲಿಲ್ಲ. ಹಾಗೇ ಅನ್ನುವುದೆಂದು ಅವಳೂ ನಿಶ್ಚಯಿಸಿದಳು. ನಿಶ್ಚಯಿಸಿದಳು ಅನ್ನುವುದೂ ಹೆಚ್ಚಾಯಿತು. ಬೇರೆ ಏನಾದರೂ ಮಾಡಲು ಬೇಕಾದ ಶಕ್ತಿ ಅವಳಲ್ಲಿರಲಿಲ್ಲ.

ಶನಿವಾರ ಬೆಳಿಗ್ಗೆ ವಿಚಾರಣೆಗೆಂದು ಜೇವರ್ಗಿಗೆ ಹೊರಡುವ ಮುನ್ನ ಗುರುಬಾಯಿ ಅಂಗಳದಲ್ಲಿ ಮೊರ ಹಿಡಿದು ತೊಗರಿಬೇಳೆಯಲ್ಲಿನ ಹರಳು ಆರಿಸುತ್ತಿದ್ದಳು. ಮಗಳು ಕಂಬಕ್ಕೆ ಒರಗಿ ಕೂತಿದ್ದಳು.

"ಅಲ್ಲ ಬಸ್ಸಿ," ಎಂದಳು ಅವ್ವ, ತಲೆ ಎತ್ತದೆ. "ಆ ಅರ್ಜಿ ಯಾಕ ಬರದಿ? ದಣಿವು ಎಲ್ಲಾರಿಗೂ ಆಗ್ತದ. ಖರೇ ಹೇಳು."

ಬಸವೇಶ್ವರಿ ಹೇಳಿದಳು. ನಾಲ್ಕು ತಿಂಗಳಿನಿಂದ ಓದದೆ ಒತ್ತಿದ ಹೌದು, ಹಲಗೆ, ಹಿಡಿಕೆ, ಕೈ, ಯಂತ್ರದ ಕೂಗು. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ಅಂದ್ರ, ಕೈ ಎತ್ತದೇನ ಎತ್ತೀನಿ ಅಂದಿ?"

"ಹೂಂ."

"ಸುಳ್ಳ ಹೇಳಿದಿ?"

"ಸುಳ್ಳಲ್ಲವ್ವ. ದಿನಾ ಅಂತೀವಲ್ಲ, ಬಾಯಿಗೆ ಬಂದುಬಿಡ್ತು. ಅವರು ಕೇಳಿದ್ರು, ನಾ ಅಂದೆ."

ಗುರುಬಾಯಿಯ ಬೆರಳು ಮೊರದಲ್ಲಿ ನಿಂತಿತು.

"ವಿಮಾನದಾಗ ಎಷ್ಟ ಮಂದಿ ಇದ್ರು?"

"ನೂರಾ ಎಂಬತ್ತಾರು."

ಅತನೂರಿನ ಅವರ ಓಣಿಯಲ್ಲಿ ಕೂಸುಕಂದಮ್ಮ ಸೇರಿ ಅಷ್ಟು ಜನರಿಲ್ಲ. ಗುರುಬಾಯಿ ಮೊರ ಒಳಗಿಟ್ಟು, ಮಗನಿಗೆಂದು ಡಬ್ಬಿಯಲ್ಲಿ ಕಡುಬು ತುಂಬಿಕೊಂಡು, ತಾನೂ ಜೇವರ್ಗಿಗೆ ಬರುತ್ತೇನೆಂದು ಗಾಡಿ ಹತ್ತಿ ಕೂತಳು.

ಅತನೂರಿನಲ್ಲಿ ನೆಟ್‌ವರ್ಕು ಗಾಳಿ ಬೀಸಿದ ಕಡೆ ಹೋಗುತ್ತದೆ, ಹಾಗಾಗಿ ವಿಚಾರಣೆ ಶಿವಪ್ರಕಾಶನ ಅಂಗಡಿಯಲ್ಲೇ. ಶಾಂತಲಿಂಗಪ್ಪ ಭೀಮಾ ನದಿ ದಾಟಿಸಿ ಕರೆತಂದು, ಅಂಗಡಿ ಮುಂದೆ ಇಳಿಸಿ, "ಒಂದ ಮಾತು, ನೆನಪಿರಲಿ" ಎಂದು ಹೇಳಿ ಮಾರ್ಕೆಟ್ಟಿಗೆ ಹೋದ. ತಮ್ಮ ಬೆಳೆ ವಿಮೆಯ ಗಿರಾಕಿಗಳನ್ನು ಅರ್ಧ ತಾಸು ಚಹಾಕ್ಕೆ ಅಟ್ಟಿ, ಅರ್ಧ ಶಟರ್ ಎಳೆದ. ಹೊರಗೆ ವಿಜಯಪುರದ ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಟ್ಯಾಬನ್ನು ಝೆರಾಕ್ಸ್ ಯಂತ್ರಕ್ಕೆ ಒರಗಿಸಿಟ್ಟು ಬಸವೇಶ್ವರಿ ಕೂತಳು. ಗುರುಬಾಯಿ ಪಕ್ಕದ ಸ್ಟೂಲಿನಲ್ಲಿ, ತೆರೆಯಲ್ಲಿ ಕಾಣದಷ್ಟು ದೂರ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಮಹೆಕ ಎಂಬ ಅಧಿಕಾರಿ ಬಸವೇಶ್ವರಿಗಿಂತ ಚಿಕ್ಕವಳಿರಬೇಕು. ಕಣ್ಣಿನ ಕೆಳಗೆ ಕಪ್ಪು, ಗಂಟಲು ಕೂತಿತ್ತು. ಮುಂಜಾನೆಯಿಂದ ಇದು ಆರನೆಯ ವಿಚಾರಣೆ ಎಂದು ತಾನೇ ಹೇಳಿ ಕ್ಷಮೆ ಕೇಳಿದಳು. ಅವಳ ಇಲಾಖೆಯಲ್ಲೂ ಜನ ಕಡಿಮೆಯಂತೆ.

"ನೋಡಿ ಮೇಡಂ," ಎಂದಳು ಹಿಂದಿಯಲ್ಲಿ, "ನಾನು ಇದನ್ನು ಉದ್ದ ಮಾಡುವುದಿಲ್ಲ. ಎರಡು ದಾರಿ. ಈಗ ನೀವು ಆರಾಮಾಗಿದ್ದೀರಿ ಅಂದರೆ ಈ ಮೂರು ದಿನವನ್ನು ಸಾದಾ ರಜೆ ಎಂದು ಬರೆದು ಕಡತ ಮುಚ್ಚುತ್ತೇನೆ. ತರಬೇತಿಯ ಪಟ್ಟಿ ಹಾಗೇ ಇರುತ್ತದೆ. ನಾಳೆ ಬೆಳಿಗ್ಗೆ ಆರು ಹತ್ತರ ವಿಮಾನಕ್ಕೆ ಹೈದರಾಬಾದಿನಲ್ಲಿ ಹಾಜರಾಗಬೇಕು. ಇಲ್ಲ ಅಂದರೆ ನಿಮ್ಮನ್ನು ವೈದ್ಯರ ಮಂಡಳಿಗೆ ಕಳಿಸಬೇಕಾಗುತ್ತದೆ. ಅಲ್ಲಿಯ ತನಕ ಹಾರುವಂತಿಲ್ಲ. ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಮುಂದಿನ ಪಟ್ಟಿ ಯಾವಾಗ ಅಂತ ನನಗೂ ಗೊತ್ತಿಲ್ಲ."

"ಅರ್ಥವಾಯಿತು," ಎಂದಳು ಬಸವೇಶ್ವರಿ.

"ನಿನ್ನೆ ನಿಮ್ಮ ತಾಯಿಯ ಜೊತೆಗೂ ಮಾತಾಡಿದೆ, ಆರಾಮ್ ಹೈ ಅಂದರು." ಮಹೆಕ ನಕ್ಕಳು. ಪ್ರೀತಿಯಿಂದಲೇ ನಕ್ಕಳು. "ಅಬ್ ತೋ ಆರಾಮ್ ಹೈ ನಾ?"

ಬಸವೇಶ್ವರಿಯ ಬಾಯಿ ತೆರೆದಿತ್ತು. ಹೌದು ಎಂಬುದು ನಾಲಿಗೆಯ ಮೇಲೆ ಬಂದು ಕೂತಿತ್ತು. ಅದಕ್ಕೆ ಅವಳ ಅಪ್ಪಣೆಯೂ ಬೇಕಿರಲಿಲ್ಲ.

"ಆರಾಮ್ ನೈ ಜೀ!"

ಗುರುಬಾಯಿ ಸ್ಟೂಲಿನಿಂದ ಎದ್ದು ಬಂದಿದ್ದಳು. ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡದ್ದರಿಂದ ಆ ಕಡೆ ಮಹೆಕಳಿಗೆ ವಿಭೂತಿ ಹಚ್ಚಿದ ಹಣೆ ಮಾತ್ರ ಕಂಡಿರಬೇಕು.

"ಕಲ್ ಮೈ ಗಲತ್ ಬೋಲಿ. ಮೇರಿ ಬೇಟಿ ಕೂ ಆರಾಮ್ ನೈ. ಚಾರ್ ಮೈನೇ ಸೆ ಆರಾಮ್ ನೈ."

ಗುರುಬಾಯಿಯ ಮಾತಿನಲ್ಲಿ ಅದರ ಅರ್ಥ, ನಿನ್ನೆ ನಾನು ತಪ್ಪು ಹೇಳಿದೆ, ನನ್ನ ಮಗಳಿಗೆ ನಾಲ್ಕು ತಿಂಗಳಿನಿಂದ ಹುಷಾರಿಲ್ಲ ಎಂದು. ಮಹೆಕಳ ಹಿಂದಿಯಲ್ಲಿ ಅದು ಕೇಳಿಸಿದ್ದು, ನನ್ನ ಮಗಳಿಗೆ ವಿಶ್ರಾಂತಿಯಿಲ್ಲ ಎಂದು. ಯಾವ ಕಡೆಯಿಂದ ಕೇಳಿಸಿಕೊಂಡರೂ ಅದರಲ್ಲಿ ಸುಳ್ಳಿರಲಿಲ್ಲ. ಹೇಳಿ ಮುಗಿಸಿದ ಗುರುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮಾಜಿ, ನೀವು ಹೇಳಿದ್ದು ಕೇಳಿಸಿತು," ಎಂದಳು ಮಹೆಕ. "ಆದರೆ ಇದನ್ನು ಅವರೇ ಹೇಳಬೇಕು."

ಶಿವಪ್ರಕಾಶ ಟ್ಯಾಬನ್ನು ಮತ್ತೆ ಅಕ್ಕನ ಕಡೆ ತಿರುಗಿಸಿಟ್ಟ. ಬಸವೇಶ್ವರಿ ಉತ್ತರ ಕೊಡುವ ಮುನ್ನ ತನ್ನ ಎಡಗೈಯನ್ನು ನೋಡಿದಳು. ಅದು ತೊಡೆಯ ಮೇಲಿತ್ತು, ಮಂಗಳವಾರ ಇದ್ದಲ್ಲೇ. ಅದನ್ನು ಎತ್ತಿ, ಝೆರಾಕ್ಸ್ ಯಂತ್ರದ ಮೇಲಿಟ್ಟಳು. ಅದು ಎದ್ದಿದೆಯೆಂದು ನೋಡಿ ಖಾತ್ರಿ ಮಾಡಿಕೊಂಡಳು.

"ಆರಾಮಿಲ್ಲ," ಎಂದಳು, ಕನ್ನಡದಲ್ಲೇ.

ಮಹೆಕ ಅರ್ಥ ಕೇಳಲಿಲ್ಲ. ಟೈಪು ಮಾಡುವ ಸದ್ದು ಕೇಳಿಸಿತು, ಒಂದು ಲಾರಿ ಹಾದುಹೋಯಿತು, ಮತ್ತೆ ಟೈಪಿನ ಸದ್ದು. ಮಂಡಳಿಯ ಪತ್ರ ಸೋಮವಾರ ಬರುತ್ತದೆ, ಪಟ್ಟಿಯ ಬದಲಾವಣೆ ಇವತ್ತೇ ಬರುತ್ತದೆ ಎಂದಳು. ಕೊನೆಗೆ, ವಿಚಾರಣೆ ಮುಗಿಯಿತೆಂದು ಘೋಷಿಸಿದ ಮೇಲೆ, ಕೂತ ಗಂಟಲಿನಲ್ಲಿ ಇನ್ನೊಂದು ಮಾತು ಸೇರಿಸಿದಳು.

"ಈ ವಾರ ಮೂವತ್ತನಾಲ್ಕು ಜನರನ್ನು ಕೇಳಿದ್ದೇನೆ. ಇಲ್ಲ ಅಂದವರು ನೀವೊಬ್ಬರೇ."

ತೆರೆ ಕಪ್ಪಾಯಿತು. ಹತ್ತು ನಿಮಿಷಕ್ಕೆ ಪಟ್ಟಿ ಬಂತು. ಒಂಬತ್ತನೆಯ ಜಾಗದಲ್ಲಿ ಬೇರೆ ಹೆಸರಿತ್ತು. ಬಸವೇಶ್ವರಿ ಆ ಹೆಸರನ್ನು ಓದಿದಳು. ಗೊತ್ತಿದ್ದವನೇ, ವ್ಯಾನಿನಲ್ಲಿ ಗಾಜಿಗೆ ತಲೆಯಾನಿಸಿ ಮಲಗುವವರಲ್ಲಿ ಒಬ್ಬ. ನೋವಾಗುತ್ತದೆಂದು ಕಾದಳು. ಅದೂ ಬರಲಿಲ್ಲ. ತಮ್ಮ ಶಟರ್ ಎತ್ತಿದ, ಗಿರಾಕಿಗಳು ಪಹಣಿ ಹಿಡಿದು ಒಳಗೆ ಬಂದರು.

ಶಾಂತಲಿಂಗಪ್ಪ ಮಾರ್ಕೆಟ್ಟಿನಿಂದ ಬಂದವನು ಗಾಡಿಯಿಂದ ಇಳಿಯದೆಯೇ ಕಿಟಕಿಯಿಂದ ಕೇಳಿದ.

"ಏನಾತು?"

"ಆರಾಮಿಲ್ಲಂತ ಹೇಳಿದ್ವಿ," ಎಂದಳು ಗುರುಬಾಯಿ.

"ಯಾರು ಹೇಳಿದ್ರು?"

"ನಾ ಹೇಳ್ದೆ. ಆಮ್ಯಾಲೆ ಆಕಿ ಹೇಳಿದ್ಳು."

ಅವನು ಹೆಂಡತಿಯ ಮುಖ ನೋಡಿದ. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಈ ಮಾತು ಕೇಳಿರದವನು ಅವನು. ಸಿಟ್ಟು ಬಂತು, ಬಂದದ್ದು ಮುಖದಲ್ಲೇ ಕಂಡಿತು. "ಮಾರ್ಕೆಟ್‌ದಾಗ ಎಲ್ಲಾರಿಗೂ..." ಎಂದು ಶುರುಮಾಡಿದ. ಆಗ ಅಂಗಡಿಯ ಮೆಟ್ಟಿಲಿನ ಮೇಲೆ, ಬಿಸಿಲಿನಲ್ಲಿ, ಕಣ್ಣು ತೆರೆದುಕೊಂಡೇ ಎಲ್ಲೂ ನೋಡದೆ ನಿಂತಿದ್ದ ಮಗಳನ್ನು ಕಂಡ. ಎರಡು ದಿನದಿಂದ ಅವಳು ಮನೆಯಲ್ಲೇ ಇದ್ದಳು, ಅವನು ಸರಿಯಾಗಿ ನೋಡಿದ್ದು ಈಗಲೇ. ಮಾತು ಅಲ್ಲಿಗೇ ಬಿಟ್ಟ. ಇಳಿದು, ಹಿಂದಿನ ಸೀಟಿನಲ್ಲಿದ್ದ ತೊಗರಿಯ ಮಾದರಿ ಚೀಲಗಳನ್ನು ಒಂದೊಂದಾಗಿ ಎತ್ತಿ ಮುಂದಿಟ್ಟುಕೊಂಡ.

"ಮಲಗವಾ. ನಾ ಸಾವಕಾಶ ಹೊಡೀತೇನಿ."

ಅವನಿಗೆ ದುಃಖವಾಗಿತ್ತು. ಊರು ಮುಟ್ಟುವ ತನಕ ಗೇರು ಬದಲಿಸಿದಾಗಲೆಲ್ಲ ಮೂಗು ಏರಿಸುತ್ತಿದ್ದ.

ಬಸವೇಶ್ವರಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಭೀಮಾ ಸೇತುವೆ ಬಂತು. ನೀರು ನಡುವೆ ಮಾತ್ರ ಇತ್ತು, ದಂಡೆಯಲ್ಲಿ ಯಾರದೋ ಎಮ್ಮೆಗಳು ಕೂತಿದ್ದವು. ಅವ್ವನ ಸೀರೆಗೆ ಎಳ್ಳಿನ ವಾಸನೆ ಇತ್ತು. ಅದು ಎಳ್ಳಿನ ವಾಸನೆ ಎಂದು ಅವಳಿಗೆ ಗೊತ್ತಾದದ್ದು ಸೇತುವೆ ಮುಗಿದ ಮೇಲೆ.

"ಅವ್ವ."

"ಏನವಾ?"

"ಹಸಿವಾಗ್ಯಾದ."

ಗುರುಬಾಯಿ ಗಡಬಡಿಸಿ ಡಬ್ಬಿ ತೆರೆದಳು. ಮಗನಿಗೆಂದು ತಂದದ್ದು ಗದ್ದಲದಲ್ಲಿ ಅವನಿಗೆ ಕೊಡುವುದೇ ಮರೆತಿತ್ತು. ಒಂದು ಕಡುಬು ಮಗಳ ಕೈಗಿಟ್ಟಳು. ಬಸವೇಶ್ವರಿ ಮಲಗಿದಲ್ಲೇ ಕಚ್ಚಿದಳು. ತಂಗಳಾಗಿ ಗಟ್ಟಿಯಾಗಿತ್ತು. ಸಿಹಿ ಇತ್ತು.

ಗುರುಬಾಯಿಯ ಫೋನು ಬಡಿದುಕೊಂಡಿತು. ಆಳಂದದ ತುಳಜಾಬಾಯಿ. ಅವಳು ಪೇಟೆಗೆಲ್ಲ ಕೇಳಿಸುವ ಹಾಗೆ ಮಾತಾಡುವವಳು, ಸ್ಪೀಕರ್ ಒತ್ತುವ ಅಗತ್ಯವೇ ಇಲ್ಲ.

"ಹಬ್ಬ ಆತೇನ್ ಬೇ ಗುರುಬಾಯಿ? ಕ್ಯಾಪ್ಟನ್ ಬಂದಾಳಂತ! ಎಲ್ಲಾರೂ ಆರಾಮ ಅದೀರೇನ?"

ಮುಂದಿನ ಸೀಟಿನಿಂದ ಶಾಂತಲಿಂಗಪ್ಪ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. ಗುರುಬಾಯಿ ಮಗಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು.

"ಇಲ್ರಿ ಅಕ್ಕೋರೆ," ಎಂದಳು. "ಬಸ್ಸಿಗೆ ಆರಾಮಿಲ್ಲ."

"ಅಯ್ಯ, ಏನಾಗ್ಯಾದ?" ಎಂದು ಆ ಕಡೆಯಿಂದ ತುಳಜಾಬಾಯಿ ಕೇಳುವಷ್ಟರಲ್ಲಿ ಬಸವೇಶ್ವರಿ ನಿದ್ದೆ ಹೋಗಿದ್ದಳು. ಅರ್ಧ ಕಡುಬು ಕೈಯಲ್ಲೇ ಇತ್ತು.